ಹಿತ್ತಲ ಕೈತೋಟಗಳೂ ಪ್ರಾಣಿಗಳ ಉಪದ್ರವವೂ

(ಶಹಾಪುರ ತಾಲ್ಲೂಕು ದೋರನಹಳ್ಳಿಯಲ್ಲಿ ಕೂಡಿದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾನು ತಮ್ಮ ಸಮಕ್ಷಮದಲ್ಲಿ ಅರಿಕೆಮಾಡಿಕೊಳ್ಳಬೇಕೆಂದಿರುವ ವಿಷಯವು ಹತ್ತಿಯದೂ ಅಲ್ಲ, ತೊಗರಿಯದೂ ಅಲ್ಲ. ಅವುಗಳ ವಿಚಾರದಲ್ಲಿ ನನಗಿಂತ ತಮಗೇ ಹೆಚ್ಚು ಅನುಭವವುಂಟು. ಮನೆಯ ಹಿಂದುಗಡೆ, ಬಚ್ಚಲ ನೀರು ಹರಿಯುವೆಡೆಯಲ್ಲಿ, ಅರ್ಧ ಗುಂಟೆಯೋ ಒಂದು ಗುಂಟೆಯೋ ಇರತಕ್ಕ ಹಿತ್ತಲು. ಅದರಲ್ಲಿ ಮನೆಯ ಹೆಂಗಸರು ಹಾಕುವ ನಾಲ್ಕು ಬದನೆಯ ಗಿಡ, ಒಂದು ಹೀರೆಯ ಬಳ್ಳಿ, ಎರಡು ಮಡಿ ಮೆಂತ್ಯ, ಒಂದಿಷ್ಟು ಪುಂಡಿಪಲ್ಲೆ. ಇದರ ಮಾತನ್ನೇ ಆಡಲು ಬಂದಿದ್ದೇನೆ. ಇಷ್ಟು ಅಲ್ಪವಾದ ವಿಷಯಕ್ಕಾಗಿ ನೂರು ಎಕರೆಯ ಹಿಡುವಳಿದಾರರನ್ನು ಕರೆದು ಕೂರಿಸಬೇಕಾಗಿತ್ತೇ ಎಂದು ಕೆಲವರಿಗೆ ತೋರಬಹುದು. ಮಾತು ಮುಗಿಯುವುದರೊಳಗಾಗಿ ಇದು ಹೆಂಗಸರಿಗಿಂತಲೂ ಹೆಚ್ಚಾಗಿ ತಮಗೇ ಸೇರಿದ ಕೆಲಸವೆಂಬುದು ತಮಗೆ ಮನವರಿಕೆಯಾದೀತೆಂದು ನಂಬಿದ್ದೇನೆ.

ಈ ಭಾಗದ ಹಳ್ಳಿಗಳಲ್ಲಿ ತಿರುಗಾಡುವಾಗ ಬರಿದಾದ ಹಿತ್ತಲನ್ನು ಕಂಡಲ್ಲೆಲ್ಲ ಅದರ ಕಾರಣವನ್ನು ಕೇಳುವುದು ನನ್ನ ರೂಢಿ. ನೀರಿಲ್ಲವೆಂದವರು ಕೆಲವರು, ಬೀಜವಿಲ್ಲವೆಂದವರು ಅದಕ್ಕೂ ಕಡಿಮೆ. ಬಹುಮಂದಿ ತಾಯಂದಿರು ಹೇಳಿದ ಮಾತು ಒಂದೇ: “ಹಾಕಿದ್ವಿರೀ. ಒಂದ್ಸಲ ಆಡು ಮೇದ್ವು. ಇನ್ನೊಂದ್ಸಲ ಹಂದಿ ಹೊಕ್ಕು ಬೇರಿಗಟ್ಟ ಎಬ್ಬಿಸಿದ್ವು. ಮೂರನೇ ಸಲ ಮನಸ್ಸೇ ಬರಲಿಲ್ಲ.” ಇದನ್ನು ನಾನು ಸೋಮಾರಿತನದ ನೆಪವೆಂದು ಎಣಿಸುವುದಿಲ್ಲ. ಎರಡು ತಿಂಗಳು ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಂಡವರಿಗೆ ಮಾತ್ರ ಆ ಬೇಸರ ತಿಳಿದೀತು. ಹೊಲದಲ್ಲಿ ಹಂದಿ ಹೊಕ್ಕರೆ ಹತ್ತು ಸಾಲು ಹೋಗಿ ನೂರು ಸಾಲು ಉಳಿಯುತ್ತದೆ. ಹಿತ್ತಲಿಗೆ ಹೊಕ್ಕರೆ ಉಳಿಯುವುದು ಮಣ್ಣು ಮಾತ್ರ.

ಹೀಗೆ ಹಿತ್ತಲು ಬರಿದಾದುದರಿಂದ ಮನೆಗೆ ಆಗುವ ನಷ್ಟವೇನು? 2019–20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು, ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿಗೂ ರಕ್ತಹೀನತೆಯುಂಟೆಂದು ತೋರಿಸಿಕೊಟ್ಟಿತು. ರೊಟ್ಟಿ ನಮ್ಮಲ್ಲಿದೆ, ಬೇಳೆ ನಮ್ಮಲ್ಲಿದೆ, ಕೊರತೆಯಾಗಿರುವುದು ಪಲ್ಲೆ. ಸಂತೆಯಿಂದ ತರುವ ಸೊಪ್ಪು ವಾರಕ್ಕೊಮ್ಮೆ ಬಂದು ಎರಡನೆಯ ದಿನಕ್ಕೆ ಬಾಡುತ್ತದೆ. ಹಿತ್ತಲಿನ ರಾಜಗಿರಿಯನ್ನಾದರೋ ದಿನವೂ ಒಂದು ಹಿಡಿ ಕೊಯ್ದುಕೊಳ್ಳಬಹುದು. ಪಲ್ಲೆಯೊಂದರಿಂದಲೇ ರಕ್ತಹೀನತೆ ಕಳೆಯುವುದೆಂದು ನಾನು ಹೇಳಲಾರೆ. ಪಲ್ಲೆಯಿಲ್ಲದೆ ಕಳೆಯುವುದು ಕಷ್ಟವೆಂದು ಮಾತ್ರ ಹೇಳುತ್ತೇನೆ. ಆದುದರಿಂದ ಆಡು ಮೇದುಹೋದದ್ದು ಎರಡು ಮಡಿ ಮೆಂತ್ಯವನ್ನಲ್ಲ, ಮನೆಯ ಮಗುವಿನ ಊಟದ ಒಂದು ಭಾಗವನ್ನೆಂದು ತಿಳಿಯತಕ್ಕದ್ದು.

ಪ್ರಾಣಿಗಳು ಕೈತೋಟಕ್ಕೇ ಏಕೆ ನುಗ್ಗುತ್ತವೆಂಬುದನ್ನು ಮೊದಲು ವಿಚಾರಿಸೋಣ. ನಮ್ಮದು ಕರಿಭೂಮಿಯ ಬಯಲುಸೀಮೆ. ಕಾಲುವೆಯ ನೀರು ಮುಟ್ಟದ ಹಳ್ಳಿಗಳಲ್ಲಿ ಹಿಂಗಾರಿನ ಜೋಳ, ಕಡಲೆ ಕಟಾವಾದ ಮೇಲೆ ಚೈತ್ರ ವೈಶಾಖಗಳಲ್ಲಿ ಕಣ್ಣು ಹರಿದಷ್ಟು ದೂರವೂ ಹಸಿರಿಲ್ಲ. ಬೆಳೆ ಬಂದಾದ ಮೇಲೆ ದನಕರುಗಳನ್ನು ಕಾಯದೆ ಬಿಟ್ಟುಬಿಡುವ ವಾಡಿಕೆಯೂ ಇದೆ. ಅಂಥ ಕಾಲದಲ್ಲಿ ಬಚ್ಚಲ ನೀರನ್ನು ಕುಡಿದು ಹಸಿರಾಗಿರುವ ಸ್ಥಳ ಊರಿಗೆಲ್ಲ ಹಿತ್ತಲೊಂದೇ. ಹಸಿದ ಬಾಯಿಗಳೆಲ್ಲ ಅಲ್ಲಿಗೆ ಬರುವುದು ಆಶ್ಚರ್ಯವಲ್ಲ. ಇವುಗಳಲ್ಲಿ ಅರ್ಧಕ್ಕರ್ಧ ಮೇವಿಗಲ್ಲ, ನೀರಿಗಾಗಿ ಬರುವಂಥವು. ಹಿತ್ತಲಿನ ಹೊರಗೆ, ಓಣಿಯ ಕೊನೆಗೆ, ಒಂದು ಕಲ್ಲು ದೋಣಿಯನ್ನಿಟ್ಟು ಬೇಸಿಗೆಯಲ್ಲಿ ದಿನವೂ ಅದನ್ನು ತುಂಬಿಸುವ ಏರ್ಪಾಡು ಮಾಡಿದರೆ ಉಪದ್ರವದಲ್ಲಿ ಒಂದು ಭಾಗವು ಅಷ್ಟಕ್ಕೇ ತಗ್ಗುತ್ತದೆ. ಇದಕ್ಕಿಂತ ಅಗ್ಗವಾದ ಉಪಾಯವು ನನಗೆ ತಿಳಿಯದು.

ಆಡಿನಿಂದ ಆರಂಭಿಸುತ್ತೇನೆ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯ ಸತ್ಯವನ್ನು ನಾನು ಸ್ವಂತ ಹಿತ್ತಲಿನಲ್ಲಿ ಕಲಿತವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇತರರಿಗೆ ಮಾದರಿಯಾಗಲೆಂದು, ನನ್ನ ಬಿಡಾರದ ಹಿಂದೆ ಕೈತೋಟವೊಂದನ್ನು ಮಾಡಿದೆನು. ಸುತ್ತಲೂ ಜಾಲಿಮುಳ್ಳಿನ ಬೇಲಿಯನ್ನು ಎದೆಯ ಮಟ್ಟಕ್ಕೆ ಕಟ್ಟಿಸಿದೆನು. ಚವಳಿಕಾಯಿಯು ಹೂವಾಡಿದ ವಾರದಲ್ಲಿ ಊರಿನ ಹತ್ತು ಮಂದಿಯನ್ನು ಕರೆದು ತೋರಿಸುವುದೆಂದು ನಿಶ್ಚಯಿಸಿ, ಅವರೊಡನೆ ಹಿತ್ತಲಿಗೆ ಹೋಗಿ ನೋಡಿದರೆ ನೆರೆಮನೆಯ ಎರಡು ಆಡುಗಳು ಒಳಗೆ ನಿಂತು ಸಾವಕಾಶವಾಗಿ ಮೆಲುಕು ಹಾಕುತ್ತಿದ್ದವು. ನಾನು ಬೇಲಿಯನ್ನು ಕುರಿತು ಏನೇನೋ ಸಮಾಧಾನ ಹೇಳತೊಡಗಿದೆನು. ಆಗ ಆಡಿನ ಒಡತಿಯಾದ ಮುದುಕಿಯು, “ಸಾಹೇಬ್ರ, ಬೇಲಿ ಹಚ್ಚೀರಿ ಖರೆ, ಬಾಗ್ಲಕ ಅಗಳಿ ಎಲ್ಲದರೀ?” ಎಂದಳು. ನಿಜವಾಗಿ ಅಗಳಿಯಿರಲಿಲ್ಲ, ಹಗ್ಗದ ತುಂಡೊಂದನ್ನು ಸುತ್ತಿದ್ದೆನು, ಆಡು ಆ ಹಗ್ಗವನ್ನೇ ಮೊದಲು ತಿಂದಿತ್ತು. ಅಂದಿನಿಂದ ಯಾರ ಹಿತ್ತಲಿಗೆ ಹೋದರೂ ನಾನು ಬೇಲಿಯನ್ನಲ್ಲ, ಬಾಗಿಲನ್ನು ಮೊದಲು ನೋಡುತ್ತೇನೆ. ನೂರಕ್ಕೆ ಎಷ್ಟೋ ಕಡೆ ಬೇಲಿ ಗಟ್ಟಿಯಾಗಿದ್ದು ಬಾಗಿಲು ಜೊಳ್ಳಾಗಿರುತ್ತದೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಸ್ವಲ್ಪ ಓರೆಯಾಗಿ ನಿಲ್ಲಿಸತಕ್ಕದ್ದು. ನೀರು ಹೊತ್ತು ಬರುವ ಹೆಂಗಸು ಎರಡು ಕೈಯೂ ಖಾಲಿಯಿಲ್ಲದೆ ಅದನ್ನು ಮುಚ್ಚಲಾರಳೆಂಬುದನ್ನು ಮರೆಯಬಾರದು.

ಬೇಲಿಯ ವಿಷಯದಲ್ಲಿ ಎರಡು ಮಾತು. ಬಳ್ಳಾರಿ ಜಾಲಿಯ ಮುಳ್ಳುಕೊಂಬೆಯ ಒಣಬೇಲಿಯು ಖರ್ಚಿಲ್ಲದ್ದು, ಆದರೆ ಒಂದೇ ವರ್ಷದ್ದು. ಗೆದ್ದಲು ಹಿಡಿದು ಮಳೆಗಾಲ ಮುಗಿಯುವುದರೊಳಗೆ ಕುಸಿಯುತ್ತದೆ. ಕಾಯಿ ಬಲಿತ ಕೊಂಬೆಯನ್ನಂತೂ ತರಲೇಬಾರದು. ಆ ಕಾಯಿಯನ್ನು ಆಡು ತಿಂದು ಹಿಕ್ಕೆಯಲ್ಲಿ ಬೀಜವನ್ನುದುರಿಸಿತೆಂದರೆ ಮುಂದಿನ ವರ್ಷ ಹಿತ್ತಲೆಲ್ಲ ಜಾಲಿಯೇ. ಜೀವಂತ ಬೇಲಿಗೆ ಕವಳಿಗಿಡದಷ್ಟು ಯೋಗ್ಯವಾದುದು ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ. ಎರಡು ಅಡಿಗೊಂದರಂತೆ ಎರಡು ಸಾಲು, ಒಂದು ಸಾಲಿನ ಸಂದಿಗೆ ಮತ್ತೊಂದು ಸಾಲಿನ ಗಿಡ ಬರುವ ಹಾಗೆ, ಮುಂಗಾರಿನ ಮೊದಲಲ್ಲಿ ನೆಟ್ಟರೆ ಮೂರು ವರ್ಷದಲ್ಲಿ ಕೋಳಿಮರಿಯೂ ನುಸುಳದಷ್ಟು ದಟ್ಟವಾಗುತ್ತದೆ, ಕಾಯಿ ಉಪ್ಪಿನಕಾಯಿಗಾಗುತ್ತದೆ. ಆ ಮೂರು ವರ್ಷ ಒಣಬೇಲಿಯು ಅದರ ಹೊರಗೆ ಇರಲೇಬೇಕು. ಕಳ್ಳಿಯ ಬೇಲಿಗೆ ಆಡು ಬಾಯಿಡುವುದಿಲ್ಲವೆಂಬುದು ದಿಟವಾದರೂ ಅದರ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಮಕ್ಕಳು ಆಡುವ ಮನೆಯ ಹಿತ್ತಲಿಗೆ ಅದನ್ನು ನಾನು ಹೇಳಲಾರೆ.

ಆಡು ಮೇಲಿನಿಂದ ಬಂದರೆ ಹಂದಿಯು ಕೆಳಗಿನಿಂದ ಬರುತ್ತದೆ. ಅದು ಬೇಲಿಯನ್ನು ಹಾರುವುದಿಲ್ಲ, ಮುಸುಡಿಯಿಂದ ಎತ್ತುತ್ತದೆ. ಮುಳ್ಳಿನ ಬೇಲಿಯು ಅದಕ್ಕೆ ಲೆಕ್ಕವೇ ಅಲ್ಲ. ನಮ್ಮ ಕಡೆಯವರಿಗೆ ದೇವರು ಕೊಟ್ಟ ಅನುಕೂಲವೆಂದರೆ ಶಹಾಬಾದಿನ ಪರಸಿಕಲ್ಲು. ಮನೆ ಕಟ್ಟಿ ಉಳಿದ, ಅಂಚು ಮುರಿದ ಕಲ್ಲುಗಳನ್ನು ತಿಪ್ಪೆಯ ಮಗ್ಗುಲಲ್ಲಿ ಒಗೆಯುವ ಬದಲು, ಒಂದೂವರೆ ಅಡಿ ನೆಲದೊಳಕ್ಕೆ ಹೂಳಿ, ಎರಡೂವರೆ ಅಡಿ ಮೇಲೆ ನಿಲ್ಲುವಂತೆ ಒಂದಕ್ಕೊಂದು ಒತ್ತಾಗಿ ನೆಟ್ಟರೆ ಹಂದಿಯ ಆಟ ನಡೆಯುವುದಿಲ್ಲ. ಹೆಗ್ಗಣವು ತೋಡುವುದೂ ಬಹುಮಟ್ಟಿಗೆ ನಿಲ್ಲುತ್ತದೆ. ಅದರ ಮೇಲೆ ಎರಡು ಸಾಲು ತಂತಿಯನ್ನೋ ಮುಳ್ಳನ್ನೋ ಕಟ್ಟಿದರೆ ಆಡಿಗೂ ಆಯಿತು.

ಊರಹಂದಿಯ ವಿಷಯವು ಇಲ್ಲಿಗೇ ಮುಗಿಯುವುದಿಲ್ಲ. ಬಯಲಿಗೆ ಹೋಗುವ ರೂಢಿಯು ಉಳಿದಿರುವ ಕಡೆಗಳಲ್ಲಿ ಹಂದಿಯು ಮನುಷ್ಯರ ಮಲವನ್ನು ತಿಂದು ಲಾಡಿಹುಳುವಿನ ಮರಿಗಳನ್ನು ತನ್ನ ಮಾಂಸದಲ್ಲಿ ಹೊರುತ್ತದೆ. ಅಂಥ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅವರ ಮಲದ ಮೂಲಕ ಅದರ ತತ್ತಿಗಳು ಹೊರಬಿದ್ದು, ಹಸಿ ಸೊಪ್ಪಿಗೋ ನೀರಿಗೋ ಸೇರಿ, ಮಾಂಸವನ್ನೇ ಮುಟ್ಟದವರ ಹೊಟ್ಟೆಗೂ ಹೋಗುತ್ತವೆ. ಅವು ಮಿದುಳನ್ನು ಸೇರಿದರೆ ಮೂರ್ಛೆರೋಗ ಬರುವುದುಂಟು. ಮಡಿವಂತರಾದ ಮನೆಯವರಿಗೂ ಈ ರೋಗ ಹೇಗೆ ಬಂತೆಂದು ವಿಸ್ಮಯಪಡುವವರು ಇದನ್ನು ನೆನಪಿನಲ್ಲಿಡಬೇಕು. ಹಿತ್ತಲಿನ ಪಲ್ಲೆಯನ್ನಾದರೂ ಚೆನ್ನಾಗಿ ತೊಳೆದೇ ಬಳಸತಕ್ಕದ್ದು. ಹಂದಿ ಸಾಕುವವರು ಬಡವರು. ಅವರನ್ನು ಬೈದು ಊರ ಹೊರಗೆ ಅಟ್ಟುವುದು ನ್ಯಾಯವೂ ಅಲ್ಲ, ಅದರಿಂದ ಫಲವೂ ಇಲ್ಲ. ಊರ ಪಕ್ಕದಲ್ಲಿ ಅವರಿಗೆ ಸ್ಥಳವನ್ನೂ ನೀರನ್ನೂ ಕೊಟ್ಟು ದೊಡ್ಡಿ ಕಟ್ಟಿಕೊಳ್ಳಲು ನೆರವಾದರೆ, ಕೂಡಿಹಾಕಿ ಮೇಯಿಸಿದ ಹಂದಿಯು ಬೇಗನೆ ತೂಕ ಏರಿ ಅವರಿಗೂ ಲಾಭ.

ಇನ್ನು ತಮ್ಮಂಥ ಹಿರಿಯರಿಗೇ ಸೇರಿದ ಮಾತಿಗೆ ಬರುತ್ತೇನೆ. ಆಡು, ಹಂದಿ, ಎಮ್ಮೆ, ಕೋಳಿ, ಇವು ಯಾವುವೂ ಕಾಡಿನಿಂದ ಬಂದವಲ್ಲ. ಇವುಗಳಿಗೆಲ್ಲ ಒಡೆಯರಿದ್ದಾರೆ, ಆ ಒಡೆಯರು ನಮ್ಮ ಓಣಿಯವರೇ. ಆದುದರಿಂದ ಪ್ರತಿಯೊಂದು ಮನೆಯೂ ಕೋಟೆಯಂತೆ ಬೇಲಿ ಕಟ್ಟಿಕೊಳ್ಳಬೇಕೆಂಬುದು ಬಡವರಿಗೆ ಆಗದ ಮಾತು. ಪರಸಿಕಲ್ಲು ಇದ್ದವನು ನೆಟ್ಟುಕೊಂಡಾನು. ಇಲ್ಲದವಳು ಏನು ಮಾಡಬೇಕು? ತುಡುಗು ದನಗಳಿಗೆ ದೊಡ್ಡಿಯಿರಬೇಕೆಂಬ ಏರ್ಪಾಡು ಬಹಳ ಹಳೆಯದು. ಬ್ರಿಟಿಷ್ ಹಿಂದೂಸ್ಥಾನದಲ್ಲಿ 1871ರಲ್ಲಿ ಆದ ದನಗಳ ಅತಿಕ್ರಮದ ಕಾಯಿದೆಯು ‘ದನ’ವೆಂಬ ಶಬ್ದದೊಳಗೆ ಆನೆ ಒಂಟೆಗಳಿಂದ ಮೊದಲುಗೊಂಡು ಹಂದಿ, ಆಡಿನ ಮರಿಯವರೆಗೆ ಎಲ್ಲವನ್ನೂ ಸೇರಿಸಿತ್ತು. ನಮ್ಮ ರಾಜ್ಯಕ್ಕೆ 1966ರ ಕರ್ನಾಟಕ ದನಗಳ ಅತಿಕ್ರಮ ಕಾಯಿದೆಯುಂಟು. ಬೆಳೆಗೆ ಹಾನಿಮಾಡಿದ ದನವನ್ನು ಹಿಡಿದು, ಮನೆಯಲ್ಲಿ ಕಟ್ಟಿಟ್ಟುಕೊಳ್ಳದೆ, ತಡಮಾಡದೆ ದೊಡ್ಡಿಗೆ ಒಪ್ಪಿಸುವುದು ಸರಿಯಾದ ಮಾರ್ಗ. ಆದರೆ ಎಷ್ಟು ಹಳ್ಳಿಗಳಲ್ಲಿ ಈಗ ದೊಡ್ಡಿಯ ಗೋಡೆ ನಿಂತಿದೆ? ನಿಂತಿದ್ದರೂ ಅದರ ಬಾಗಿಲು ಎಲ್ಲಿದೆ?

ಇದಕ್ಕಿಂತ ಕಷ್ಟವಾದ ಸಂಗತಿಯೊಂದುಂಟು. ಒಪ್ಪಿಸುವ ಧೈರ್ಯವು ಎಲ್ಲರಿಗೂ ಇರುವುದಿಲ್ಲ. ಕೂಲಿಮಾಡುವ ಹೆಂಗಸಿನ ಹಿತ್ತಲಿಗೆ ದೊಡ್ಡ ಮನೆಯ ಎಮ್ಮೆ ನುಗ್ಗಿದರೆ ಆಕೆ ಅದನ್ನು ಅಟ್ಟಿಕೊಂಡು ದೊಡ್ಡಿಗೆ ಹೋದಾಳೇ? ನಾಳೆ ಅದೇ ಮನೆಯ ಹೊಲಕ್ಕೆ ಕಳೆ ತೆಗೆಯಲು ಹೋಗಬೇಕಾದವಳು ಬಾಯಿ ಮುಚ್ಚಿಕೊಂಡು ಮಡಿಯನ್ನು ಸರಿಮಾಡಿಕೊಳ್ಳುತ್ತಾಳೆ. ಮೂರನೆಯ ಸಲಕ್ಕೆ ಹಾಕುವುದನ್ನೇ ಬಿಡುತ್ತಾಳೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಗೆಂಬ ಗಾದೆಯನ್ನು ಇಲ್ಲಿ ನೆನೆದುಕೊಂಡರೆ ತಾವು ಕೋಪಿಸಿಕೊಳ್ಳಬಾರದು. ನಿಯಮವು ಊರಿನಲ್ಲಿ ನೆಲೆಗೊಳ್ಳಬೇಕಾದರೆ ಮೊದಲ ದಂಡವನ್ನು ಹಿರಿಯರ ಮನೆಯೇ ಕೊಡಬೇಕು. ಒಂದು ಹಳ್ಳಿಯಲ್ಲಿ ಹೀಗೆ ನಡೆದದ್ದನ್ನು ನಾನು ಕಂಡಿದ್ದೇನೆ. ಅಲ್ಲಿಯ ಹಿರಿಯರೊಬ್ಬರು ತಮ್ಮದೇ ಹೋರಿಯು ದೊಡ್ಡಿ ಸೇರಿದಾಗ ಆಳನ್ನು ಕಳುಹಿಸದೆ ತಾವೇ ಹೋಗಿ ಹಣ ಕಟ್ಟಿ ಬಿಡಿಸಿಕೊಂಡು ಬಂದರು. ಆ ವರ್ಷ ಆ ಊರಿನಲ್ಲಿ ಬೇರೆ ಉಪದೇಶ ಬೇಕಾಗಲಿಲ್ಲ. ದೊಡ್ಡಿಯ ಜೊತೆಗೆ, ಓಣಿಯವರೆಲ್ಲ ವಂತಿಗೆ ಹಾಕಿ ಬೇಸಿಗೆಯ ಮೂರು ತಿಂಗಳು ದನಕಾಯುವವನೊಬ್ಬನನ್ನು ನೇಮಿಸಿಕೊಂಡರೆ, ಹತ್ತು ಬೇಲಿಗಳ ಖರ್ಚು ಉಳಿಯುತ್ತದೆ.

ನಿಯಮವಿಲ್ಲದ ಊರಿನಲ್ಲಿ ಜನರು ತಮ್ಮ ತಮ್ಮ ಉಪಾಯವನ್ನು ತಾವೇ ಹುಡುಕಿಕೊಳ್ಳುತ್ತಾರೆ, ಅಲ್ಲಿಯೇ ಅನರ್ಥ. ರೊಟ್ಟಿಯಲ್ಲಿ ವಿಷವಿಟ್ಟು ಹಂದಿಗೆಂದು ಬಿಸುಟದ್ದನ್ನು ಪಕ್ಕದ ಮನೆಯ ಎಮ್ಮೆಕರು ತಿಂದು ಸತ್ತು, ಎರಡು ಮನೆತನಗಳು ಮಾತುಬಿಟ್ಟದ್ದನ್ನು ನಾನು ಬಲ್ಲೆ. ಅವರ ಮಕ್ಕಳೂ ಈಗ ಮಾತಾಡುವುದಿಲ್ಲ. ಅದಕ್ಕಿಂತಲೂ ಭಯಂಕರವಾದುದು ಕಂಬದ ತಂತಿಯಿಂದ ನೇರವಾಗಿ ಬೇಲಿಗೆ ವಿದ್ಯುತ್ತನ್ನು ಹಾಯಿಸುವುದು. ಇದರಿಂದ ಸಾಯುವವರಲ್ಲಿ ಕಾಡುಹಂದಿಗಿಂತ ಮೊದಲು ನೀರು ಕಟ್ಟಲು ಕತ್ತಲೆಯಲ್ಲಿ ಹೋದ ಮನೆಯವನೇ ಸಾಯುವುದುಂಟು. 2003ರ ವಿದ್ಯುಚ್ಛಕ್ತಿ ಕಾಯಿದೆಯ ಮೇರೆಗೆ ಕಂಬದಿಂದ ಹೀಗೆ ಕದ್ದು ತೆಗೆಯುವುದು ಅಪರಾಧ. ಜೀವಹಾನಿಯಾದರೆ ಸೆರೆಮನೆಯೇ ಗತಿ. ಅಂಗಡಿಯಲ್ಲಿ ಸಿಕ್ಕುವ ಸೌರಬೇಲಿಯ ಯಂತ್ರವು ಬೇರೆ. ಅದು ಕ್ಷಣಮಾತ್ರದ ಹೊಡೆತವನ್ನು ಬಿಟ್ಟುಬಿಟ್ಟು ಕೊಡುವುದರಿಂದ ಪ್ರಾಣಿಯು ಬೆದರಿ ಹಿಂದೆಗೆಯುತ್ತದೆ, ಸಾಯುವುದಿಲ್ಲ. ಹೊಲಕ್ಕಾದರೆ ಅದು ಯೋಗ್ಯ. ಮಕ್ಕಳು ಓಡಾಡುವ ಹಿತ್ತಲಿಗೆ ಅದೂ ಬೇಡ.

ಇಲಿ ಹೆಗ್ಗಣಗಳ ಕಾಟವು ಈ ತಾಲ್ಲೂಕುಗಳಲ್ಲಿ ಹಿಂದಿಗಿಂತ ಈಗ ಹೆಚ್ಚೆಂದು ವಯಸ್ಸಾದವರು ಹೇಳುತ್ತಾರೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು, ಎಡದಂಡೆಯ ಕಾಲುವೆಯ ನೀರು ಸುರಪುರ ಶಹಾಪುರಗಳ ಕಡೆಗೆ ಹರಿದ ಮೇಲೆ, ಜೋಳದ ನೆಲದಲ್ಲಿ ಭತ್ತ ಬಂತು. ಭತ್ತದ ಬದುಗಳು ಹೆಗ್ಗಣಕ್ಕೆ ಅರಮನೆ. ಗದ್ದೆ ಕೊಯ್ದೊಡನೆ ಅಲ್ಲಿಯ ಸಂಸಾರವೆಲ್ಲ ಊರ ಕಡೆಗೆ ಸಾಗುತ್ತದೆ. ಸುಮಾರು ಮೂರು ವಾರಕ್ಕೆ ಮರಿಹಾಕುವ ಪ್ರಾಣಿಯನ್ನು ಒಬ್ಬನು ತನ್ನ ಹಿತ್ತಲಲ್ಲಿ ಹಿಡಿದರೆ ಪ್ರಯೋಜನವಿಲ್ಲ. ಪಕ್ಕದ ಹಿತ್ತಲಿನಿಂದ ಮತ್ತೊಂದು ಬಂದು ಅದೇ ಬಿಲದಲ್ಲಿ ಸೇರುತ್ತದೆ. ಓಣಿಯವರೆಲ್ಲರೂ ಒಂದೇ ವಾರದಲ್ಲಿ ಬೋನಿಡಬೇಕು. ಬೋನನ್ನು ಮೊದಲು ಎರಡು ಮೂರು ದಿನ ಎಣ್ಣೆ ಸವರಿದ ರೊಟ್ಟಿಯ ಚೂರನ್ನೋ ಹುರಿದ ಶೇಂಗಾವನ್ನೋ ಹಾಕಿ ಬಾಗಿಲು ಬೀಳದಂತೆ ತೆರೆದಿಟ್ಟು, ಅಂಜಿಕೆ ಕಳೆದ ಮೇಲೆ ಹೂಡತಕ್ಕದ್ದು. ಒಂದು ಸಿಕ್ಕಿದ ಮೇಲೆ ಬಿಸಿನೀರಿನಿಂದ ತೊಳೆಯದೆ ಮತ್ತೆ ಇಡಬಾರದು. ಜಿಂಕ್ ಫಾಸ್ಫೈಡೆಂಬ ಕಪ್ಪು ಪುಡಿಯನ್ನು ಹೊಲದ ಬದುಗಳಲ್ಲಿ ತಿಳಿದವರ ಸಲಹೆಯಂತೆ ಉಪಯೋಗಿಸುವುದುಂಟು. ಅದಕ್ಕೆ ಪ್ರತಿವಿಷವಿಲ್ಲವಾದ್ದರಿಂದ ಮಕ್ಕಳೂ ಕೋಳಿಗಳೂ ಇರುವ ಹಿತ್ತಲಿಗೆ ಅದನ್ನು ತರಕೂಡದು. ಗೂಬೆಯನ್ನು ಅಪಶಕುನವೆಂದು ಕಲ್ಲೆಸೆಯುವವರಿಗೂ, ಕೆರೆಹಾವನ್ನು ಕಂಡೊಡನೆ ಬಡಿಗೆ ಹಿಡಿಯುವವರಿಗೂ ಒಂದು ಮಾತು ಹೇಳುತ್ತೇನೆ. ಗೂಬೆಯ ಒಂದು ಜೋಡಿಯು ಮರಿಯಿರುವಾಗ ರಾತ್ರಿಯೊಂದಕ್ಕೆ ಹಿಡಿಯುವಷ್ಟು ಇಲಿಗಳನ್ನು ತಮ್ಮ ಬೋನು ವಾರದಲ್ಲಿಯೂ ಹಿಡಿಯಲಾರದು, ಕೆರೆಹಾವಿಗೆ ವಿಷವಿಲ್ಲ. ಮುಂಗುಸಿಯು ಕೋಳಿಮರಿಯನ್ನೂ ಒಯ್ಯುವುದರಿಂದ ಅದನ್ನು ಹೊಗಳಲು ನನಗೆ ಅರ್ಧ ಮನಸ್ಸು ಮಾತ್ರ.

ಮಂಗಗಳ ವಿಷಯಕ್ಕೆ ಬಂದರೆ ನನ್ನ ವಿದ್ಯೆಯು ಬಹುಮಟ್ಟಿಗೆ ಸೋತಿತೆಂದು ಒಪ್ಪಿಕೊಳ್ಳುತ್ತೇನೆ. ಕರಿಮುಸುಡಿಯ ಉದ್ದಬಾಲದ ಮುಸುವವು ಹೆಚ್ಚಾಗಿ ಎಲೆ, ಹೂವು, ಕಾಯಿಗಳನ್ನು ತಿನ್ನುವಂಥದು; ಸಣ್ಣ ಮಂಗವು ಹಣ್ಣು, ರೊಟ್ಟಿ, ಹಿಟ್ಟಿನ ಡಬ್ಬ ಯಾವುದನ್ನೂ ಬಿಡುವುದಿಲ್ಲ. ಬೆದರುಗೊಂಬೆಗೆ ಅವು ನಾಲ್ಕು ದಿನ ಹೆದರುತ್ತವೆ, ಐದನೆಯ ದಿನ ಅದರ ತಲೆಯ ಮೇಲೆ ಕೂರುತ್ತವೆ. 2019ರಲ್ಲಿ ಶಿವಮೊಗ್ಗ ಜಿಲ್ಲೆಯ ಕೃಷಿಕರೊಬ್ಬರು ತಮ್ಮ ನಾಯಿಗೆ ಹುಲಿಯಂತೆ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ್ದು ದೊಡ್ಡ ಸುದ್ದಿಯಾಯಿತು. 2023ರಲ್ಲಿ ಜಿ-20 ರಾಷ್ಟ್ರಗಳ ಸಮ್ಮೇಳನದ ಕಾಲಕ್ಕೆ ದಿಲ್ಲಿಯಲ್ಲಿ ಮುಸುವದ ಆಳೆತ್ತರದ ಚಿತ್ರಗಳನ್ನು ಬೀದಿಬೀದಿಯಲ್ಲಿ ನಿಲ್ಲಿಸಿ, ಮುಸುವದಂತೆ ಕೂಗಬಲ್ಲ ಆಳುಗಳನ್ನು ನೇಮಿಸಿದ್ದರು. ರಾಜಧಾನಿಗೇ ಈ ಪಾಡಾದರೆ ದೋರನಹಳ್ಳಿಯವರು ನಾಚಿಕೊಳ್ಳಬೇಕಾದುದಿಲ್ಲ. ಕೊಲ್ಲುವ, ಉರುಲಿಡುವ ಮಾತನ್ನು ಮಾತ್ರ ಎತ್ತಬಾರದು. ಮಂಗಕ್ಕೂ ನವಿಲಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ನಮ್ಮ ಹೆಂಗಸರ ಮನಸ್ಸೂ ಅದಕ್ಕೆ ಒಪ್ಪುವುದಿಲ್ಲ.

ನಮ್ಮಿಂದಾಗತಕ್ಕದ್ದು ಇಷ್ಟು. ಮೊದಲನೆಯದಾಗಿ, ಊರೊಳಗಿನ ಗುಡಿಯಲ್ಲಿ ಶನಿವಾರ ಶನಿವಾರ ಮಂಗಗಳಿಗೆ ಬಾಳೆಹಣ್ಣು ತೆಂಗಿನಕಾಯಿ ಹಂಚುವುದನ್ನು ನಿಲ್ಲಿಸಬೇಕು. ಪುಣ್ಯಕ್ಕೆಂದು ಮಾಡಿದ್ದು ನೆರೆಯವಳ ಪೇರಲಕ್ಕೆ ಕುತ್ತಾಗುತ್ತದೆ, ಏಕೆಂದರೆ ಮಂಗವು ಶನಿವಾರದ ಲೆಕ್ಕವಿಡದೆ ಏಳು ದಿನವೂ ಕಾಯುತ್ತದೆ. ಬದಲಾಗಿ ಗೋಮಾಳದಲ್ಲಿಯೂ ಬೆಟ್ಟದ ಬುಡದಲ್ಲಿಯೂ ಆಲ, ಅತ್ತಿ, ನೇರಳೆಗಳನ್ನು ನೆಟ್ಟು ಬೆಳೆಸಿದರೆ ಹನುಮಂತನ ಪರಿವಾರಕ್ಕೆ ಅದೇ ನೈವೇದ್ಯ. ಹಿತ್ತಲಿನಲ್ಲಿ ಪೇರಲ ಬಾಳೆಗಳನ್ನು ಹಣ್ಣಾಗಲು ಬಿಡದೆ ಬಲಿತೊಡನೆ ಇಳಿಸಿಕೊಂಡು ಮನೆಯಲ್ಲಿ ಮಾಗಿಸಬೇಕು. ಮಂಗಗಳ ಹಾದಿಯಿರುವ ಓಣಿಯವರು ಹಾಗಲ, ಮೆಣಸಿನಕಾಯಿ, ಅರಿಸಿನ, ಲಿಂಬೆ, ಕರಿಬೇವುಗಳನ್ನು ಹೆಚ್ಚಾಗಿ ಹಾಕಿಕೊಂಡರೆ ಹಾನಿ ಕಡಿಮೆ. ಇದು ಪೂರ್ಣ ಪರಿಹಾರವಲ್ಲವೆಂದು ನಾನು ಬಲ್ಲೆ.

ಗಿಳಿ, ಅಳಿಲು, ಗುಬ್ಬಚ್ಚಿಗಳಿಗಾಗಿ ಬಹಳ ಹೇಳಬೇಕಾದುದಿಲ್ಲ. ಬೀಜ ಹಾಕಿದ ಮಡಿಯ ಮೇಲೆ ಎರಡೆಲೆ ಮೂಡುವವರೆಗೆ ತೆಳ್ಳಗೆ ಮುಳ್ಳು ಹರಡಿ, ಕಾಯಿಗೆ ಹಳೆಯ ಬಟ್ಟೆಯ ಚೀಲ ಕಟ್ಟಿದರೆ ಸಾಕು. ಕೋಳಿಗೂ ಆ ಮುಳ್ಳೇ ಮದ್ದು. ಪಕ್ಷಿಗಳಿಗೆ ಸಲ್ಲುವ ಪಾಲನ್ನು ನಮ್ಮ ಹಿರಿಯರು ಹೊಲದಲ್ಲಿಯೇ ಬಿಟ್ಟವರು. ಹಿತ್ತಲಿನಲ್ಲಿ ಒಂದೆರಡು ಹಣ್ಣು ಹೋದರೆ ಲೆಕ್ಕ ಹಿಡಿಯಬಾರದು.

ಕವಳಿಯ ಸಸಿ, ಪಲ್ಲೆಯ ಬೀಜ, ಬೋನುಗಳ ವಿಚಾರದಲ್ಲಿ ಸಲಹೆ ಬೇಕಾದವರು ಸುರಪುರ ತಾಲ್ಲೂಕು ಕವಾಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯಾಗಲಿ, ಇಲ್ಲಿಗೆ ಹತ್ತಿರದ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿಯಾಗಲಿ ವಿಚಾರಿಸಬಹುದು. ಸಸಿ ನೆಡುವುದಕ್ಕೆ ಮುಂಗಾರಿನ ಎರಡನೆಯ ಹದ ಮಳೆಯು ಒಳ್ಳೆಯ ಕಾಲ. ಅಷ್ಟರೊಳಗೆ ಗುಂಡಿ ತೋಡಿ ತಿಪ್ಪೆಗೊಬ್ಬರ ತುಂಬಿಟ್ಟಿರಬೇಕು. ದೊಡ್ಡಿಯ ಗೋಡೆಗಾದರೋ ಮಳೆಯನ್ನು ಕಾಯಬೇಕಾದುದಿಲ್ಲ. ಪಂಚಾಯಿತಿಯ ಸದಸ್ಯರು ಇಲ್ಲಿಯೇ ಕೂಡಿರುವುದರಿಂದ, ಸಭೆ ಮುಗಿದ ಮೇಲೆ ಅದರ ಜಾಗವನ್ನು ಒಮ್ಮೆ ನೋಡಿಬರೋಣವೆಂದು ಕೇಳಿಕೊಳ್ಳುತ್ತೇನೆ. ನಾನೂ ಬರುತ್ತೇನೆ.